ಮನೆಯಲ್ಲೇ ಪೊನ್ಜು: ಹುಳಿಹಣ್ಣಿನ ಘಮವಿರುವ ಜಪಾನಿ ಸೋಯಾ ಸಾಸ್ ಮಾಡುವ ಪೂರ್ತಿ ವಿಧಾನ

ಜಪಾನಿನಲ್ಲಿ ಚಳಿಗಾಲ ಬಂತೆಂದರೆ ಮನೆಮನೆಯ ಊಟದ ಮೇಜಿನ ಮೇಲೆ ಒಂದು ಪಾತ್ರೆ ಕುದಿಯತೊಡಗುತ್ತದೆ. ಅದಕ್ಕೆ ನಾಬೆ ಅಂತಾರೆ. ಒಳಗಿರುವುದು ಬರೀ ನೀರು, ಒಂದು ತುಂಡು ಸಮುದ್ರದ ಪಾಚಿ, ಚೈನೀಸ್ ಎಲೆಕೋಸು, ತೋಫು, ಅಣಬೆ, ಕೋಳಿ ಅಥವಾ ಮೀನು. ಬಹಳ ಸಲ ಉಪ್ಪು ಕೂಡ ಹಾಕಿರುವುದಿಲ್ಲ. ಖಾರ ಇಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ. ನಮ್ಮ ಕಣ್ಣಿಗೆ ಇದು ಜ್ವರ ಬಂದವರ ಪಥ್ಯದ ಊಟ.

ಆದರೆ ಪ್ರತಿಯೊಬ್ಬರ ಮುಂದೆ ಒಂದು ಪುಟ್ಟ ಬಟ್ಟಲು ಇರುತ್ತದೆ. ಬೆಂದದ್ದನ್ನು ಪಾತ್ರೆಯಿಂದ ಎತ್ತಿ, ಈ ಬಟ್ಟಲಲ್ಲಿ ಅದ್ದಿ ಬಾಯಿಗಿಡಬೇಕು. ಊಟದ ಉಪ್ಪು, ಹುಳಿ, ಘಮ ಎಲ್ಲವೂ ಆ ಬಟ್ಟಲಲ್ಲೇ ಇದೆ. ಅದೇ ಪೊನ್ಜು. ಸೋಯಾ ಸಾಸ್, ಹುಳಿಹಣ್ಣಿನ ರಸ, ಸ್ವಲ್ಪ ಸಿಹಿ, ಜೊತೆಗೆ ಪಾಚಿ ಮತ್ತು ಒಣಮೀನಿನ ಸತ್ವ. ಇಷ್ಟೇ ಅದರ ಗುಟ್ಟು.

ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ, ಅಲ್ವಾ? ಸಿಗುತ್ತದೆ. ಜಪಾನಿನ ಹೆಚ್ಚಿನ ಮನೆಗಳೂ ಅದನ್ನೇ ತರುತ್ತವೆ. ಅಲ್ಲಿನ ಹಳೆಯ ವಿನೆಗರ್ ಕಂಪನಿ ಮಿಜ್ಕಾನ್ 1964ರಲ್ಲಿ ಬಾಟಲಿ ಪೊನ್ಜು ಮಾರಲು ಶುರು ಮಾಡಿತು. ಮೊದಲು ಒಸಾಕಾ, ಕ್ಯೋಟೊ ಇರುವ ಕನ್ಸಾಯ್ ಕಡೆ, 1967ರಿಂದ ಇಡೀ ದೇಶದಲ್ಲಿ. ಇವತ್ತು 'ಅಜಿಪೊನ್' ಅಂದರೆ ಅಲ್ಲಿ ಮಕ್ಕಳಿಗೂ ಗೊತ್ತು. ಅದರ ಮೇಲೆ ನನ್ನ ತಕರಾರಿಲ್ಲ. ಬಾಣಲೆಯ ಅಡುಗೆಗೆ ನಾನೂ ಬಾಟಲಿಯದ್ದನ್ನೇ ಹೇಳುತ್ತೇನೆ. ಆದರೆ ಅದ್ದಿ ತಿನ್ನುವುದಕ್ಕೆ ಮನೆಯಲ್ಲಿ ಮಾಡಿದ್ದೇ ಬೇಕು. ಕಾರಣ ಹೀಗಿದೆ.

ಪೊನ್ಜು ಒಳಗೆ ಎರಡು ಆಸೆಗಳ ಜಗಳ ಇದೆ. ರುಚಿ ಹಳತಾಗಬೇಕು, ಪರಿಮಳ ತಾಜಾ ಇರಬೇಕು. ಸೋಯಾದ ಉಪ್ಪು, ಹಣ್ಣಿನ ಹುಳಿ ಒಂದಕ್ಕೊಂದು ಹೊಂದಿಕೊಳ್ಳಲು ದಿನಗಳು ಬೇಕು. ಅಷ್ಟರಲ್ಲಿ ಸಿಪ್ಪೆಯ ಎಣ್ಣೆಯ ಘಮ ದಿನದಿನಕ್ಕೆ ಹಾರಿಹೋಗುತ್ತದೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಕಟ್ಟಿಹಾಕಲು ಆಗುವುದಿಲ್ಲ. ಮನೆಯಲ್ಲಾದರೆ ದಾರಿ ಇದೆ: ರಸವನ್ನು ಎರಡು ಕಂತಿನಲ್ಲಿ ಹಾಕುವುದು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಾಡುವಾಗಲೇ ಹಾಕಿ ಮಾಗಲು ಬಿಡಿ. ಉಳಿದದ್ದನ್ನು ತಾಜಾ ಹಣ್ಣಿನಿಂದ ಊಟದ ಹೊತ್ತಿಗೆ ಹಿಂಡಿ. ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ನಡೆಸಿಕೊಡುವುದಕ್ಕೆ.

ಯಾವ ಹಣ್ಣು?

ಜಪಾನಿನಲ್ಲಿ ಈ ಪ್ರಶ್ನೆಗೆ ಊರಿಗೊಂದು ಉತ್ತರ. ಶಿಕೊಕು ದ್ವೀಪದ ಕೋಚಿ ಪ್ರಾಂತ್ಯದಲ್ಲಿ ಯುಜು. ದೇಶದಲ್ಲೇ ಅತಿ ಹೆಚ್ಚು ಯುಜು ಬೆಳೆಯುವುದು ಅಲ್ಲಿ. ಪಕ್ಕದ ತೊಕುಶಿಮಾದಲ್ಲಿ ಸುದಾಚಿ. ನಮ್ಮ ಸಣ್ಣ ನಿಂಬೆಗಿಂತ ಪುಟ್ಟದು, ಕಡು ಹಸಿರು, ಕಾಯಿ ಇರುವಾಗಲೇ ಹಿಂಡುವುದು. ಕ್ಯೂಶೂ ದ್ವೀಪದ ಒಯಿಟಾದಲ್ಲಿ ಕಬೋಸು, ಅದು ಸುದಾಚಿಯ ದೊಡ್ಡಣ್ಣನ ಹಾಗೆ. ಈ ಎರಡು ಹಣ್ಣುಗಳು ಆಯಾ ಪ್ರಾಂತ್ಯ ಬಿಟ್ಟರೆ ಬೇರೆಡೆ ಬೆಳೆಯುವುದೇ ಅಪರೂಪ. ಇನ್ನೊಂದು ದಾಯ್‌ದಾಯ್, ಕಿತ್ತಳೆ ಬಣ್ಣದ ಕಹಿಹುಳಿ ಹಣ್ಣು. ಹೊಸ ವರ್ಷಕ್ಕೆ ಮೋಚಿಯಿಂದ, ಅಂದರೆ ಅಂಟು ಅಕ್ಕಿಯ ಉಂಡೆಗಳಿಂದ, ಮಾಡುವ ಅಲಂಕಾರದ ತುದಿಯಲ್ಲಿ ಇಡುವುದು ಅದನ್ನೇ. ಹಳೆಯ ಕಾಲದ ಪೊನ್ಜುಗೆ ಬಹಳ ಕಡೆ ದಾಯ್‌ದಾಯ್ ರಸವೇ ಆಧಾರ. ಕೋಳಿಯ ನಾಬೆಗೆ ಹೆಸರಾದ, ಕ್ಯೂಶೂ ದ್ವೀಪದ ಹಕಾತಾದಲ್ಲಿ ಈಗಲೂ ಅದನ್ನು ಇಷ್ಟಪಡುವವರು ಇದ್ದಾರೆ.

ಕೋಚಿಯ ಉಮಾಜಿ ಅನ್ನುವ ಹಳ್ಳಿಯ ಕಥೆ ಇಲ್ಲಿ ಹೇಳಲೇಬೇಕು. ಸುತ್ತ ಕಾಡು, ಸಾವಿರ ಜನರೂ ಇಲ್ಲದ ಊರು. ಅಲ್ಲಿ ಬೆಳೆಯುವ ಯುಜು ನೋಡಲು ಚೆನ್ನಾಗಿರಲಿಲ್ಲ. ಸಿಪ್ಪೆ ಒರಟು, ಮೈತುಂಬ ಕಲೆ. ಹಣ್ಣಾಗಿ ಮಾರಿದರೆ ಬೆಲೆ ಬರುತ್ತಿರಲಿಲ್ಲ. ಹಾಗಾಗಿ ಅಲ್ಲಿನ ರೈತರ ಸಹಕಾರ ಸಂಘ ರಸದ ದಾರಿ ಹಿಡಿಯಿತು. 1986ರಲ್ಲಿ ಯುಜು ಪೊನ್ಜು ಮಾಡಿ ಮಾರಿತು. 1988ರಲ್ಲಿ ಟೋಕಿಯೋದ ಒಂದು ದೊಡ್ಡ ಮಳಿಗೆಯಲ್ಲಿ ಹಳ್ಳಿಗಳ ಪದಾರ್ಥಗಳ ಪ್ರದರ್ಶನ ನಡೆದಾಗ ಅದಕ್ಕೇ ಮೊದಲ ಬಹುಮಾನ ಬಂತು. ಇದರಿಂದ ನಮಗೆ ಸಿಗುವ ಪಾಠ ಅಡುಗೆಯದ್ದು: ಪೊನ್ಜುಗೆ ಹಣ್ಣಿನ ಅಂದ ಬೇಡ. ಕಲೆ ಇರುವ, ಸುಕ್ಕು ಸಿಪ್ಪೆಯ ಹಣ್ಣಾದರೂ ನಡೆಯುತ್ತದೆ. ಕೊಳೆತಿರಬಾರದು, ಅಷ್ಟೇ.

ನೀವು ಜಪಾನಿನಲ್ಲೇ ಇದ್ದರೆ ನವೆಂಬರ್, ಡಿಸೆಂಬರ್‌ನಲ್ಲಿ ಹಳದಿ ಯುಜು ಧಾರಾಳ ಸಿಗುತ್ತದೆ. ಆದರೆ ಯುಜು ಮಹಾ ಜಿಪುಣ. ಹಣ್ಣು ಕೈತುಂಬ ಇರುತ್ತದೆ, ಒಳಗೆ ಬೀಜವೇ ಜಾಸ್ತಿ, ರಸ ಒಂದು ದೊಡ್ಡ ಚಮಚ ಬಂದರೆ ಪುಣ್ಯ. ಒಂದು ಬಾಟಲಿಗೆ ಹತ್ತು ಹನ್ನೆರಡು ಹಣ್ಣು ಬೇಕಾಗುತ್ತದೆ. ಅದಕ್ಕೇ ಅಲ್ಲಿಯೂ ಅರ್ಧ ಯುಜು, ಅರ್ಧ ಬೇರೆ ಹುಳಿಹಣ್ಣು ಬೆರೆಸುವವರಿದ್ದಾರೆ. ರುಚಿಗೆ ಅದರಿಂದ ನಷ್ಟವಿಲ್ಲ. ಒಂದಕ್ಕಿಂತ ಹೆಚ್ಚು ಹಣ್ಣು ಬೆರೆತ ಪೊನ್ಜುವೇ ನನಗೆ ಇಷ್ಟ.

ಬೆಂಗಳೂರಲ್ಲೋ ಶಿರಸಿಯಲ್ಲೋ ಕೂತು ಮಾಡುವವರಿಗೆ ಯುಜು ಸಿಗುವುದಿಲ್ಲ. ಬರೀ ನಿಂಬೆರಸ ಹಾಕಿದರೆ ಹುಳಿ ಚುಚ್ಚುತ್ತದೆ, ಘಮ ಒಂದೇ ದಾರಿಯಲ್ಲಿ ಹೋಗುತ್ತದೆ. ಯುಜುವಿನ ಪರಿಮಳದಲ್ಲಿ ನಿಂಬೆಯೂ ಇದೆ, ಕಿತ್ತಳೆಯೂ ಇದೆ. ಹಾಗಾಗಿ ಎರಡು ಪಾಲು ನಿಂಬೆರಸಕ್ಕೆ ಒಂದು ಪಾಲು ಹುಳಿ ಇರುವ ಕಿತ್ತಳೆಯ ರಸ ಬೆರೆಸಿ. ಕೊಡಗಿನ ಕಿತ್ತಳೆ ಸಿಕ್ಕರೆ ಒಳ್ಳೆಯದು, ಅದರ ಸಿಪ್ಪೆಯಲ್ಲಿ ಘಮ ಇದೆ. ಅಂಗಡಿಯ ಡಬ್ಬಿಯ ಆರೆಂಜ್ ಜ್ಯೂಸ್ ಬೇಡವೇ ಬೇಡ. ಗಜನಿಂಬೆ ಇದ್ದರೆ ಅದನ್ನೂ ಸೇರಿಸಬಹುದು. ಕೊಡಗಿನವರಿಗೆ ಇನ್ನೂ ಒಂದು ಅನುಕೂಲ ಇದೆ. ಅಲ್ಲಿನ ತೋಟಗಳ ಕೈಪುಳಿ, ಕಹಿ ಕಿತ್ತಳೆ, ದಾಯ್‌ದಾಯ್‌ಗೆ ಹತ್ತಿರದ ನೆಂಟ. ಪೂರ್ತಿ ಕೈಪುಳಿ ರಸದಲ್ಲೇ ಮಾಡಿ ನೋಡಬಹುದು.

ಉಳಿದ ಸಾಮಾನು

ಸೋಯಾ ಸಾಸ್ ವಿಷಯದಲ್ಲಿ ರಾಜಿ ಬೇಡ. ಗೋಬಿ ಮಂಚೂರಿಗೆ ಹಾಕುವ ಕಪ್ಪು ಸೋಯಾ ಸಾಸ್ ಇಲ್ಲಿ ಕೆಲಸಕ್ಕೆ ಬಾರದು. ಅದರಲ್ಲಿ ಬಣ್ಣಕ್ಕೆ ಕ್ಯಾರಮೆಲ್ ಇರುತ್ತದೆ, ಸಿಹಿ ಇರುತ್ತದೆ, ಘಾಟು ಬೇರೆ. ಬಾಟಲಿ ತಿರುಗಿಸಿ ಓದಿ: ಸೋಯಾ ಅವರೆ, ಗೋಧಿ, ಉಪ್ಪು, ನೀರು. ಇಷ್ಟೇ ಇದ್ದರೆ ಅಥವಾ ಇದರ ಜೊತೆ ಸ್ವಲ್ಪ ಆಲ್ಕೋಹಾಲ್ ಇದ್ದರೆ ಸರಿ. ಕಿಕ್ಕೋಮನ್ ನಮ್ಮ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ಜಪಾನಿನಲ್ಲಿ ಇದ್ದವರು 'ಕೊಯ್ಕುಚಿ' ಅಂತ ಬರೆದಿರುವ ಸಾಮಾನ್ಯ ಸೋಯಾ ತೆಗೆದುಕೊಳ್ಳಿ. 'ಉಸುಕುಚಿ' ಬಣ್ಣದಲ್ಲಿ ತಿಳಿ, ಆದರೆ ಉಪ್ಪು ಅದರಲ್ಲೇ ಜಾಸ್ತಿ. ಬಣ್ಣ ನೋಡಿ ಮೋಸ ಹೋಗಬೇಡಿ.

ಕೊಂಬು ಅಂದರೆ ಒಣಗಿಸಿದ ದಪ್ಪ ಸಮುದ್ರ ಪಾಚಿ. ಹೆಚ್ಚಾಗಿ ಬರುವುದು ಹೊಕ್ಕಾಯ್ದೋದಿಂದ. ಅದರ ಮೈಮೇಲೆ ಬಿಳಿ ಪುಡಿ ಇರುತ್ತದೆ. ಬೂಸ್ಟು ಅಂದುಕೊಂಡು ತೊಳೆದುಬಿಡಬೇಡಿ, ರುಚಿ ಇರುವುದೇ ಅದರಲ್ಲಿ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಕತ್ಸುಓಬುಶಿ ಅಂದರೆ ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಕತ್ಸುಓ ಮೀನನ್ನು (ಟ್ಯೂನಾದ ನೆಂಟ) ಹೆರೆದ ಚಕ್ಕೆ. ಲಕ್ಷದ್ವೀಪದ ಮಾಸ್ ಮೀನು ಗೊತ್ತಿದ್ದವರಿಗೆ ಇದು ಪೂರ್ತಿ ಹೊಸದಲ್ಲ. ಅದೂ ಇದೇ ಜಾತಿಯ ಮೀನು, ಹೆಚ್ಚುಕಡಿಮೆ ಇದೇ ದಾರಿ.

ಈ ಎರಡನ್ನೂ ಯಾಕೆ ಜೊತೆಗೆ ಹಾಕಬೇಕು? 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣ ಅಂತ ಕಂಡುಹಿಡಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟವರೂ ಅವರೇ. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಮಾ ಕತ್ಸುಓಬುಶಿಯಲ್ಲಿ ಇನೊಸಿನೇಟ್ ಇದೆ ಅಂತ ತೋರಿಸಿದರು. ಬೇರೆ ಬೇರೆ ಹಾಕಿದರೆ ಎರಡೂ ಸಾಧಾರಣ. ಸೇರಿದರೆ ಒಂದರ ರುಚಿಯನ್ನು ಇನ್ನೊಂದು ಹಲವು ಪಟ್ಟು ಏರಿಸುತ್ತದೆ. ಒಣ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಕೂಡ ಕೊಂಬು ಜೊತೆ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಸಸ್ಯಾಹಾರಿಗಳು ಯೋಚನೆ ಮಾಡಬೇಕಿಲ್ಲ. ಮೀನಿನ ಬದಲು ಎರಡು ಒಣ ಶಿಟಾಕೆ ಹಾಕಿ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲೂ ಕೊಂಬು, ಶಿಟಾಕೆ ಜೋಡಿಯೇ ಆಧಾರ.

ಮಿರಿನ್ ಅನ್ನುವುದು ಅಕ್ಕಿಯಿಂದ ಮಾಡಿದ ಸಿಹಿ ಮದ್ಯ, ಅಡುಗೆಯದು. ಅಸಲಿ 'ಹೊನ್ ಮಿರಿನ್' ಒಳಗೆ ಸುಮಾರು ನೂರಕ್ಕೆ 14ರಷ್ಟು ಆಲ್ಕೋಹಾಲ್ ಇರುತ್ತದೆ, ಅದನ್ನು ಕುದಿಸಿ ಹಾರಿಸಬೇಕು. ಸಿಗದಿದ್ದರೆ ಅಥವಾ ಮದ್ಯ ಬೇಡ ಅಂದರೆ 4 ಟೀ ಚಮಚ ಸಕ್ಕರೆಯನ್ನು 3 ದೊಡ್ಡ ಚಮಚ ಬಿಸಿನೀರಲ್ಲಿ ಕರಗಿಸಿ ಹಾಕಿ. ಮಿರಿನ್ ಕೊಡುವ ನುಣುಪು ಬರುವುದಿಲ್ಲ, ಆದರೆ ಊಟ ಕೆಡುವುದೂ ಇಲ್ಲ.

ಅಳತೆ

ಸುಮಾರು 400 ಮಿ.ಲೀ. ಪೊನ್ಜುಗೆ ಇದು ಲೆಕ್ಕ:

ಸೋಯಾ ಸಾಸ್ 200 ಮಿ.ಲೀ.
ಹುಳಿಹಣ್ಣಿನ ರಸ 150 ಮಿ.ಲೀ.
ಅಕ್ಕಿ ವಿನೆಗರ್ 30 ಮಿ.ಲೀ.
ಮಿರಿನ್ 60 ಮಿ.ಲೀ.
ಕೊಂಬು ಸುಮಾರು 5 ಗ್ರಾಂ, ಅಂಗೈಯಲ್ಲಿ ಕೂರುವಷ್ಟು ತುಂಡು
ಕತ್ಸುಓಬುಶಿ 10 ಗ್ರಾಂ, ಅಥವಾ ಒಣ ಶಿಟಾಕೆ 2
ಊಟದ ಹೊತ್ತಿಗೆ ಹಿಂಡಲು ಒಂದೆರಡು ತಾಜಾ ಹಣ್ಣು

ಅಕ್ಕಿ ವಿನೆಗರ್ ಸಿಗದಿದ್ದರೆ ಬಿಟ್ಟುಬಿಡಿ, ರಸವನ್ನೇ ಎರಡು ಚಮಚ ಜಾಸ್ತಿ ಮಾಡಿ. ಬಿಳಿ ಸಿಂಥೆಟಿಕ್ ವಿನೆಗರ್ ಹಾಕಿದರೆ ಅದರ ಘಾಟು ಹಣ್ಣಿನ ಘಮವನ್ನು ನುಂಗಿಹಾಕುತ್ತದೆ. ಇನ್ನೊಂದು ಮಾತು. ಜಪಾನಿ ಪಾಕವಿಧಾನಗಳಲ್ಲಿ ಒಂದು ಕಪ್ ಅಂದರೆ 200 ಮಿ.ಲೀ., ಅಮೆರಿಕದ ಕಪ್ಪಿನ ಹಾಗೆ 240 ಅಲ್ಲ. ಯಾವುದೋ ಕಪ್ಪಿನಲ್ಲಿ ಅಳೆದು, ಯಾಕೋ ಹದ ಬರಲಿಲ್ಲ ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮಾಡುವ ಕ್ರಮ

ಮೊದಲು ಬಾಟಲಿ. ಅಗಲ ಬಾಯಿಯ ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿ ತೆಗೆದುಕೊಳ್ಳಿ. ಕುದಿನೀರು ಹಾಕಿ ತೊಳೆದು, ಬೋರಲು ಇಟ್ಟು, ಒಳಗೆ ಒಂದು ಹನಿ ನೀರಿಲ್ಲದ ಹಾಗೆ ಒಣಗಿಸಿ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದೇ ಶಿಸ್ತು ಇಲ್ಲಿಯೂ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೂ ಅದಕ್ಕೂ ಆಗುವುದಿಲ್ಲ.

ಮಿರಿನ್ ಕಾಯಿಸಿ. ಸಣ್ಣ ಪಾತ್ರೆಯಲ್ಲಿ ಹಾಕಿ ಮಧ್ಯಮ ಉರಿಯಲ್ಲಿ ಕುದಿ ಬರಿಸಿ, ಆಮೇಲೆ ಉರಿ ತಗ್ಗಿಸಿ ಒಂದೆರಡು ನಿಮಿಷ ಬಿಡಿ. ಹಬೆಯಲ್ಲಿ ಮೂಗಿಗೆ ಹೊಡೆಯುವ ಮದ್ಯದ ವಾಸನೆ ಹೋಗಿ ಸಿಹಿ ವಾಸನೆ ಬರುತ್ತದೆ. ಆಗ ಇಳಿಸಿ. ಗ್ಯಾಸ್ ಒಲೆಯಲ್ಲಿ ಮಾಡುವಾಗ ಪಾತ್ರೆಯ ಮೇಲೆ ಬಗ್ಗಿ ನಿಲ್ಲಬೇಡಿ, ಆಲ್ಕೋಹಾಲ್ ಹಬೆಗೆ ಫಕ್ಕನೆ ಬೆಂಕಿ ಹತ್ತಬಹುದು. ಹತ್ತಿದರೆ ಗಾಬರಿ ಬೇಡ. ಒಲೆ ಆರಿಸಿ, ತಟ್ಟೆ ಮುಚ್ಚಿ.

ಮಿರಿನ್ ಇನ್ನೂ ಬಿಸಿ ಇರುವಾಗಲೇ ಸೋಯಾ ಸಾಸ್ ಸುರಿದು ಕಲಸಿ. ಮತ್ತೆ ಒಲೆಗೆ ಇಡುವುದು ಬೇಡ. ಈಗ ಪೂರ್ತಿ ಆರಲು ಬಿಡಿ. ಪೂರ್ತಿ ಅಂದರೆ ಪೂರ್ತಿ. ಬಿಸಿ ಸೋಯಾಗೆ ಹಣ್ಣಿನ ರಸ ಬಿದ್ದರೆ, ನಾವು ಹಿಡಿದಿಡಬೇಕೆಂದಿರುವ ಘಮ ಅಡುಗೆಮನೆ ತುಂಬ ಹರಡುತ್ತದೆ. ಮನೆಗೆ ಬಂದವರು ಹೊಗಳುತ್ತಾರೆ, ಬಾಟಲಿಯಲ್ಲಿ ಏನೂ ಉಳಿಯುವುದಿಲ್ಲ.

ಅದು ಆರುವಷ್ಟರಲ್ಲಿ ರಸ ಹಿಂಡಬಹುದು. ನನ್ನ ಪ್ರಕಾರ ಅರ್ಧ ಪೊನ್ಜು ನಿರ್ಧಾರ ಆಗುವುದು ಈ ಹಂತದಲ್ಲಿ. ಹಣ್ಣು ತೊಳೆದು ಒರೆಸಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದಿಟ್ಟು ತಂಪು ಹೋಗಲಿ. ಅಂಗೈಯಡಿ ಒತ್ತಿ ಉರುಳಿಸಿ, ಅಡ್ಡಕ್ಕೆ ಎರಡು ಹೋಳು ಮಾಡಿ. ನಾವು ಸಾಮಾನ್ಯವಾಗಿ ಕತ್ತರಿಸಿದ ಮುಖ ಕೆಳಗೆ ಮಾಡಿ ಹಿಂಡುತ್ತೇವೆ. ಒಯಿಟಾದ ಕಡೆ ಕಬೋಸುವನ್ನು ಹಿಂಡುವುದು ತಿರುಗಿಸಿ: ಕತ್ತರಿಸಿದ ಮುಖ ಮೇಲೆ, ಸಿಪ್ಪೆ ಕೆಳಗೆ. ರಸ ಸಿಪ್ಪೆಯ ಮೇಲಿಂದ ಹರಿದು ಬೀಳುತ್ತದೆ, ಸಿಪ್ಪೆಯ ಎಣ್ಣೆಯ ಘಮವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಬೀಜ ಮೇಲೆಯೇ ಉಳಿಯುತ್ತದೆ. ಒಮ್ಮೆ ಹೀಗೆ ಮಾಡಿ, ಒಮ್ಮೆ ಮಾಮೂಲಿಯಾಗಿ ಮಾಡಿ, ಎರಡರ ವಾಸನೆ ನೋಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಕೊನೆಯ ಹನಿವರೆಗೂ ಹಿಂಡುವ ಆಸೆ ಬೇಡ. ಜೋರಾಗಿ ಹಿಸುಕಿದರೆ ಸಿಪ್ಪೆಯ ಒಳಗಿನ ಬಿಳಿ ಭಾಗದ ಕಹಿ ಇಳಿಯುತ್ತದೆ. ಮಿಕ್ಸಿ, ಜ್ಯೂಸರ್ ಕೂಡ ಬೇಡ, ಅವು ಬೀಜವನ್ನೂ ಅರೆದುಬಿಡುತ್ತವೆ. ಹಿಂಡಿಟ್ಟ ನಿಂಬೆರಸ ಒಂದೆರಡು ಗಂಟೆಯಲ್ಲಿ ಕಹಿ ತಿರುಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬೀಜ, ಬಿಳಿ ಸಿಪ್ಪೆಯ ಪದಾರ್ಥಗಳು ರಸಕ್ಕೆ ಸೇರಿದರೆ ಕಹಿ ತಡವಾಗಿ ಹೊರಗೆ ಬರುತ್ತದೆ. ಆದ್ದರಿಂದ ಹಿಂಡಿದ ಕೂಡಲೇ ಸಣ್ಣ ಜಾಲರಿಯಲ್ಲಿ ಸೋಸಿ. ತಿರುಳು ಸ್ವಲ್ಪ ಹೋದರೆ ತೊಂದರೆ ಇಲ್ಲ, ಬೀಜ ಒಂದೂ ಹೋಗಬಾರದು.

ನಿಂಬೆ, ಕಿತ್ತಳೆ ಬೆರಕೆಯಲ್ಲಿ ಮಾಡುವವರು ಇನ್ನೊಂದು ಕೆಲಸ ಮಾಡಿ. ಹಿಂಡುವ ಮೊದಲು ಕಿತ್ತಳೆಯ ಹೊರ ಸಿಪ್ಪೆಯನ್ನು ಚೂರಿಯಿಂದ ತೆಳ್ಳಗೆ, ಬಿಳಿ ಭಾಗ ಬರದ ಹಾಗೆ, ಎರಡು ಬೆರಳಗಲ ಹೆರೆದಿಟ್ಟುಕೊಳ್ಳಿ. ಅದೂ ಬಾಟಲಿಗೆ ಹೋಗುತ್ತದೆ. ಜಾಸ್ತಿ ಬೇಡ. ನಾಲ್ಕು ತುಂಡು ಹಾಕಿದರೆ ಪೊನ್ಜು ಹೋಗಿ ಮಾರ್ಮಲೇಡ್ ವಾಸನೆ ಬರುತ್ತದೆ.

ಈಗ ಎಲ್ಲವನ್ನೂ ಸೇರಿಸಿ. ಬಾಟಲಿಯ ತಳಕ್ಕೆ ಕೊಂಬು, ಅದರ ಮೇಲೆ ಕತ್ಸುಓಬುಶಿ ಅಥವಾ ಶಿಟಾಕೆ. ಆರಿದ ಸೋಯಾ ಮಿರಿನ್ ಸುರಿಯಿರಿ, ವಿನೆಗರ್ ಹಾಕಿ, ಕೊನೆಗೆ ಹಣ್ಣಿನ ರಸ. ಮುಚ್ಚಳ ಹಾಕಿ ಒಮ್ಮೆ ಅಲುಗಾಡಿಸಿ ಫ್ರಿಜ್ಜಿಗೆ ಸೇರಿಸಿ. ಈ ಹೊತ್ತಿಗೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಉಪ್ಪು ಒಂದು ಕಡೆ, ಹುಳಿ ಒಂದು ಕಡೆ, ಮೀನಿನ ಹೊಗೆ ವಾಸನೆ ಮತ್ತೊಂದು ಕಡೆ. ಇಷ್ಟೆಲ್ಲ ಮಾಡಿ ಇದೇನಾ ಅನ್ನಿಸುತ್ತದೆ. ಅನ್ನಿಸಲಿ. ಈಗ ಏನನ್ನೂ ಸರಿ ಮಾಡಲು ಹೋಗಬೇಡಿ.

ಕಾಯುವುದು, ಸೋಸುವುದು

ಒಂದು ಹಗಲು, ಒಂದು ರಾತ್ರಿ ಕಳೆದ ಮೇಲೆ ಸೋಸಿ. ತೆಳು ಹತ್ತಿ ಬಟ್ಟೆಯನ್ನು ಜಾಲರಿ ಮೇಲೆ ಹಾಸಿ ಸುರಿಯಿರಿ, ತಾನಾಗಿ ಇಳಿಯಲಿ. ಬಟ್ಟೆಯನ್ನು ಗಂಟು ಕಟ್ಟಿ ಹಿಂಡಿದರೆ ಮೀನಿನ ಒಗರು, ಕಲಕು ಎರಡೂ ಬರುತ್ತವೆ. ತಿಂಗಳುಗಟ್ಟಲೆ ಕತ್ಸುಓಬುಶಿ ಒಳಗೇ ಬಿಟ್ಟು ಮಾಗಿಸುವ ಅಡುಗೆಯವರೂ ಜಪಾನಿನಲ್ಲಿ ಇದ್ದಾರೆ. ಮನೆಗೆ ಅಷ್ಟು ಬೇಡ. ಕೊಂಬುವನ್ನು ಮಾತ್ರ ಇನ್ನೂ ಎರಡು ಮೂರು ದಿನ ಒಳಗೆ ಬಿಡಬಹುದು. ಅದಕ್ಕಿಂತ ಜಾಸ್ತಿ ಬಿಟ್ಟರೆ ಲೋಳೆ ಬಿಡುತ್ತದೆ, ಪೊನ್ಜು ಎಳೆಎಳೆಯಾಗುತ್ತದೆ. ಕಿತ್ತಳೆ ಸಿಪ್ಪೆ ಹಾಕಿದ್ದರೆ ಮೀನಿನ ಜೊತೆಗೇ ತೆಗೆದುಬಿಡಿ.

ಸೋಸಿದ ದಿನವೇ ತಿನ್ನಬಹುದು. ಆದರೆ ಒಂದು ವಾರ ತಡೆದರೆ ಬೇರೆಯೇ ಪದಾರ್ಥ. ಹುಳಿಯ ಮೊನೆ ಮುರಿದಿರುತ್ತದೆ. ಉಪ್ಪು ಎದ್ದು ಕಾಣುವುದಿಲ್ಲ. ಯಾವುದು ಸೋಯಾ, ಯಾವುದು ಹಣ್ಣು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಎರಡು ಮೂರನೇ ವಾರದಲ್ಲಿ ನನಗೆ ಅದು ಅತಿ ರುಚಿ. ಘಮ ಮಾತ್ರ ಅಷ್ಟರಲ್ಲಿ ಇಳಿದಿರುತ್ತದೆ. ಇಲ್ಲಿಯೇ ಎರಡನೇ ಕಂತು ಬರುವುದು: ಬಟ್ಟಲಿಗೆ ಸುರಿದುಕೊಂಡ ಮೇಲೆ ಒಬ್ಬೊಬ್ಬರಿಗೆ ಅರ್ಧ ಟೀ ಚಮಚದಷ್ಟು ತಾಜಾ ರಸ ಹಿಂಡಿ, ಯುಜು ಅಥವಾ ಕಿತ್ತಳೆ ಸಿಪ್ಪೆಯನ್ನು ಸ್ವಲ್ಪ ತುರಿಯಿರಿ. ಮಾಗಿದ ರುಚಿಯ ಮೇಲೆ ಹೊಸ ಘಮ ಕೂರುತ್ತದೆ.

ಫ್ರಿಜ್ಜಿನಲ್ಲಿ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಒದ್ದೆ ಚಮಚ ಅದ್ದಬೇಡಿ, ಸುರಿದುಕೊಳ್ಳಿ. ಬಾಟಲಿ ಖಾಲಿಯಾಗುತ್ತ ಬಂದ ಹಾಗೆ ಸಣ್ಣ ಬಾಟಲಿಗೆ ಬದಲಾಯಿಸಿ. ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ಘಮ ಬೇಗ ಹೋಗುತ್ತದೆ. ಬೂಸ್ಟು ಕಂಡರೆ ಮೇಲಿಂದ ತೆಗೆದು ಬಳಸುವ ಲೆಕ್ಕಾಚಾರ ಬೇಡ, ಚೆಲ್ಲಿ.

ಹದ ತಪ್ಪಿದರೆ

ರುಚಿ ತಿದ್ದುವುದಾದರೆ ವಾರ ಕಳೆದ ಮೇಲೆ, ಅದೂ ಬಟ್ಟಲಿನಲ್ಲಿ. ಇಡೀ ಬಾಟಲಿಗೆ ಕೈ ಹಾಕಬೇಡಿ. ಹುಳಿ ಜಾಸ್ತಿ ಅನ್ನಿಸಿದರೆ ಕಾಯಿಸಿದ ಮಿರಿನ್ ಒಂದು ಚಮಚ. ಉಪ್ಪು ಜಾಸ್ತಿ ಅನ್ನಿಸಿದರೆ ನೀರಲ್ಲ, ಕೊಂಬು ನೆನೆಸಿದ ನೀರು. ಎಲ್ಲ ಸರಿ ಇದೆ, ಆದರೂ ಏನೋ ಕಡಿಮೆ ಅನ್ನಿಸಿದರೆ ಬಹುಶಃ ಕತ್ಸುಓಬುಶಿ ಹಳೆಯದಾಗಿದೆ. ಪ್ಯಾಕೆಟ್ ಒಡೆದು ಬಹಳ ದಿನ ಇಟ್ಟಿದ್ದು ಮರದ ಪುಡಿಗೆ ಸಮ. ಕಹಿ ಬಂದಿದ್ದರೆ ಮಾತ್ರ ತಿದ್ದಲು ಆಗುವುದಿಲ್ಲ. ಅದನ್ನು ಕೋಳಿ ಅಥವಾ ಬದನೆಕಾಯಿ ಬೇಯಿಸಲು ಬಳಸಿ, ಸಿಹಿ ಜೊತೆ ಕಹಿ ಅಡಗುತ್ತದೆ.

ಇವತ್ತೇ ಬೇಕು ಅನ್ನುವವರಿಗೆ

ಸೋಯಾ ಸಾಸ್ 2 ದೊಡ್ಡ ಚಮಚ, ಹಣ್ಣಿನ ರಸ ಒಂದೂವರೆ ಚಮಚ, ಕೊಂಬು ನೆನೆಸಿದ ನೀರು 1 ಚಮಚ, ಸಕ್ಕರೆ ಅರ್ಧ ಟೀ ಚಮಚ. ಕಲಸಿ ಅರ್ಧ ಗಂಟೆ ಇಡಿ. ಘಮದಲ್ಲಿ ಇದು ಮಾಗಿದ್ದಕ್ಕಿಂತ ಮೇಲು, ರುಚಿಯಲ್ಲಿ ಕೆಳಗೆ. ಇಬ್ಬರಿಗೆ ಒಂದು ಊಟಕ್ಕೆ ಸಾಕು. ಉಳಿಸಿ ಇಡುವಂಥದ್ದಲ್ಲ.

ಊಟಕ್ಕೆ

ಮೊದಲ ಸಲಕ್ಕೆ ನಾನು ಹೇಳುವುದು ಯುದೋಫು. ಕ್ಯೋಟೊದಲ್ಲಿ ನಾನ್ಜೆನ್‌ಜಿ ಮಠದ ಸುತ್ತಮುತ್ತಲಿನ ಊಟದ ಮನೆಗಳು ಇದಕ್ಕೇ ಹೆಸರಾಗಿವೆ. ಪಾತ್ರೆಗೆ ನೀರು, ಕೈಯಗಲದ ಕೊಂಬು ಹಾಕಿ ಅರ್ಧ ಗಂಟೆ ನೆನೆಸಿ. ಮೆತ್ತಗಿನ ತೋಫುವನ್ನು ದೊಡ್ಡ ತುಂಡು ಮಾಡಿ ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ. ತೋಫು ನೀರಲ್ಲಿ ಮೆಲ್ಲಗೆ ತೂಗತೊಡಗಿದರೆ ಆಯಿತು. ಕುದಿಯಲು ಬಿಟ್ಟರೆ ಗಟ್ಟಿಯಾಗಿ ತೂತು ಬೀಳುತ್ತದೆ. ಎತ್ತಿ ಪೊನ್ಜುಗೆ ಅದ್ದಿ. ತೋಫುಗೆ ತನ್ನದೇ ಅಂತ ರುಚಿ ಕಡಿಮೆ, ಆದ್ದರಿಂದ ನಿಮ್ಮ ಪೊನ್ಜು ಹೇಗೆ ಬಂದಿದೆ ಅನ್ನುವುದು ಮುಚ್ಚುಮರೆ ಇಲ್ಲದೆ ತಿಳಿಯುತ್ತದೆ. ಮಾಂಸ ಮೀನು ತಿನ್ನದವರಿಗೂ ಪೂರ್ತಿ ಊಟ. ಎಲೆಕೋಸು, ಅಣಬೆ, ಕ್ಯಾರೆಟ್ ಸೇರಿಸಿದರೆ ಇನ್ನೂ ಒಳ್ಳೆಯದು.

ಬಟ್ಟಲಿಗೆ ಎರಡು ಮೂರು ಚಮಚ ಪೊನ್ಜು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಜೊತೆಗೆ ಮೊಮಿಜಿ ಒರೊಶಿ. ಇದು ಮೂಲಂಗಿ ತುರಿ, ಕೆಂಪು ಬಣ್ಣದ್ದು. ಬಿಳಿ ಮೂಲಂಗಿಯ ಸಿಪ್ಪೆ ತೆಗೆದು, ಕತ್ತರಿಸಿದ ಮುಖಕ್ಕೆ ಚಾಪ್‌ಸ್ಟಿಕ್‌ನಿಂದ ಎರಡು ತೂತು ಚುಚ್ಚಿ. ಬೀಜ ತೆಗೆದು ನೀರಲ್ಲಿ ಮೆತ್ತಗಾಗಿಸಿದ ಒಣಮೆಣಸಿನಕಾಯಿಯನ್ನು ಒಳಗೆ ತುರುಕಿ, ಮೂಲಂಗಿ ಮೆಣಸಿನಕಾಯಿ ಎರಡನ್ನೂ ಒಟ್ಟಿಗೆ ಸಣ್ಣ ತುರಿಮಣೆಯಲ್ಲಿ ತುರಿಯಿರಿ. ನೀರು ಸ್ವಲ್ಪ ಬಸಿದು ಹೋಗಲಿ, ಹಿಂಡಬೇಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಹಣ್ಣಿನ ಘಮವನ್ನು ಮುಚ್ಚುವುದಿಲ್ಲ.

ನಾಬೆ ತಿನ್ನುವಾಗ ಬಟ್ಟಲಿನ ಪೊನ್ಜು ನೀರಾಗುತ್ತ ಹೋಗುತ್ತದೆ. ಪ್ರತಿ ತುಂಡೂ ಪಾತ್ರೆಯ ನೀರನ್ನು ಹೊತ್ತು ತರುತ್ತದೆ. ಮಧ್ಯೆ ಮಧ್ಯೆ ಹೊಸದು ಸುರಿದುಕೊಳ್ಳಿ. ತುಂಡುಗಳನ್ನು ಬಟ್ಟಲಿಗೆ ಹಾಕುವ ಮೊದಲು ಪಾತ್ರೆಯ ಅಂಚಿನಲ್ಲಿ ಒಂದು ಕ್ಷಣ ನೀರಿಳಿಸಿದರೆ ಬಹಳ ಹೊತ್ತು ಹದ ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಸಾರಿಗೆ ಅನ್ನ ಹಾಕಿ, ಮೊಟ್ಟೆ ಒಡೆದು ಬಿಟ್ಟು, ಮೆತ್ತಗೆ ಗಂಜಿ ಮಾಡುತ್ತಾರೆ. ಅದರ ಮೇಲೂ ಎರಡು ಹನಿ ಪೊನ್ಜು.

ಮಾಂಸ ತಿನ್ನುವವರಿಗೆ ದಾರಿಗಳು ಬಹಳ. ಹಕಾತಾದ ಮಿಜುತಾಕಿ ಕೋಳಿಯದು. ಒಸಾಕಾದ ತೆಚ್ಚಿರಿ ಫುಗು ಮೀನಿನದು, ಅದು ಪರವಾನಗಿ ಇದ್ದವರು ಕತ್ತರಿಸಿ ಕೊಡಬೇಕಾದ ವಿಷದ ಮೀನು, ಮನೆಯ ಪ್ರಯೋಗಕ್ಕಲ್ಲ. ತೆಳು ಮಾಂಸವನ್ನು ಕುದಿನೀರಲ್ಲಿ ಅದ್ದಿ ತಿನ್ನುವ ಶಾಬು ಶಾಬುಗೆ ಮೇಜಿನ ಮೇಲೆ ಎಳ್ಳಿನ ಸಾಸ್ ಒಂದು ಕಡೆ, ಪೊನ್ಜು ಇನ್ನೊಂದು ಕಡೆ. ಕೊಬ್ಬಿರುವ ಮಾಂಸಕ್ಕೆ ಪೊನ್ಜು ವಾಸಿ, ಹುಳಿ ಬಾಯಿಯ ಜಿಡ್ಡನ್ನು ಕಡಿಯುತ್ತದೆ. ಕೋಚಿಯಲ್ಲಿ ಕತ್ಸುಓ ಮೀನನ್ನು ಹುಲ್ಲಿನ ಬೆಂಕಿಯಲ್ಲಿ ಹೊರಗಷ್ಟೇ ಸುಟ್ಟು, ದಪ್ಪಗೆ ಹೆಚ್ಚಿ, ಹಸಿ ಬೆಳ್ಳುಳ್ಳಿ ಹೋಳು ಹರಡಿ, ಯುಜು ಪೊನ್ಜು ಸುರಿಯುತ್ತಾರೆ. ಇದೆಲ್ಲ ಬೇಡ ಅಂದರೆ ಸುಟ್ಟ ಬದನೆಕಾಯಿ, ಸೌತೆಕಾಯಿ, ಬೇಯಿಸಿದ ಪಾಲಕ್, ಮೋಮೋ. ಎಣ್ಣೆಯಲ್ಲಿ ಕರಿದದ್ದರ ಜೊತೆಗೂ ಚೆನ್ನ, ಆದರೆ ಮೂಲಂಗಿ ತುರಿಯ ಜೊತೆ.

ಬಿಸಿ ಬಾಣಲೆಗೆ ಮನೆಯ ಪೊನ್ಜು ಸುರಿಯಬೇಡಿ. ವಾರಗಟ್ಟಲೆ ಕಾದದ್ದು ಅರ್ಧ ನಿಮಿಷದಲ್ಲಿ ಹಬೆಯಾಗುತ್ತದೆ. ಆ ಕೆಲಸಕ್ಕೆ ಅಂಗಡಿಯ ಬಾಟಲಿ ಇದೆ. ಅಲರ್ಜಿ ಇರುವವರಿಗೆ ಬಡಿಸುವ ಮೊದಲು ಹೇಳಿ: ಇದರಲ್ಲಿ ಸೋಯಾ ಇದೆ, ಗೋಧಿ ಇದೆ, ಮೀನು ಇದೆ.

ಇನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದು. ಅದನ್ನು ಕಸಕ್ಕೆ ಹಾಕಬೇಡಿ. ಕೊಂಬುವನ್ನು ಎಳೆಎಳೆಯಾಗಿ ಹೆಚ್ಚಿ, ಕತ್ಸುಓಬುಶಿಯನ್ನು ಕೊಚ್ಚಿ, ಒಂದು ಚಮಚ ಸಕ್ಕರೆ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಗಿಡಿ. ನೀರು ಇಂಗಿ ಅಂಟು ಬಂದಾಗ ಹುರಿದ ಎಳ್ಳು ಉದುರಿಸಿ ಇಳಿಸಿ. ಉಪ್ಪು ಹುಳಿ ಅದರಲ್ಲೇ ಇರುತ್ತದೆ, ಬೇರೆ ಹಾಕಬೇಕಿಲ್ಲ. ಬಿಸಿ ಅನ್ನಕ್ಕೆ ಒಂದು ಚಿಟಿಕೆ ಸಾಕು, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಮೊಸರನ್ನದ ಜೊತೆಗೂ ಹೋಗುತ್ತದೆ. ಜಪಾನಿನವರಿಗೆ ಹೇಳಬೇಡಿ, ಅಷ್ಟೇ.